ಅಂದಾಜುಗಾರನ ಬುಟ್ಟಿ

“ಗುರುಗಳೇ, ಎಂದಿಗೂ ತಪ್ಪದಂತೆ ಅಂದಾಜು ಹಾಕುವುದು ಹೇಗೆ?” ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಕಟ್ಟಡದ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಪಕ್ಕದ ಹಳ್ಳಿಯವರು ತಮ್ಮ ಹಾಳುಬಾವಿಯನ್ನು ಶುದ್ಧ ಮಾಡಿಸಿ, ಕುಸಿದ ಗೋಡೆ ಕಟ್ಟಿಸಿಕೊಡಿ ಎಂದು ಮಠಕ್ಕೆ ಬಂದಿದ್ದರು. ಆ ಬಾವಿಗೆ ಊರಿನ ಕಸವೆಲ್ಲ ವರ್ಷಗಟ್ಟಲೆ ಬಿದ್ದಿತ್ತು. ಗುರುಗಳು ಆ ಕೆಲಸವನ್ನು ಚನ್ನವೀರನಿಗೆ ಒಪ್ಪಿಸಿದರು. ಅವನು ಹೋಗಿ ನೋಡಿಕೊಂಡು ಬಂದ. ಲೆಕ್ಕ ಹಾಕಿದ, ಅಳಿಸಿದ, ಮತ್ತೆ ಹಾಕಿದ. ಹಳ್ಳಿಯವರು ಬಂದಾಗಲೆಲ್ಲ “ಅಂದಾಜು ಇನ್ನೂ ಸರಿಯಾಗಿ ಕೂತಿಲ್ಲ, ಆಮೇಲೆ ಬನ್ನಿ” ಎಂದು ಹೇಳಿ ಕಳಿಸುತ್ತಿದ್ದ. ಹುಡುಗ ಸೋಮಾರಿಯಲ್ಲ. ತನ್ನ ಮಾತು ನಂಬಿ ಬಡವರು ಕೈಸುಟ್ಟುಕೊಂಡಾರು ಎಂಬ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು. ತನ್ನ ಹೆಸರು ಕೆಟ್ಟೀತು ಎಂಬ ಹೆದರಿಕೆಯೂ ಅದರ ಪಕ್ಕದಲ್ಲೇ ಇತ್ತು. ಎರಡರಲ್ಲಿ ಯಾವುದು ದೊಡ್ಡದು ಎಂದು ಅವನು ನೋಡಿಕೊಂಡಿರಲಿಲ್ಲ.

ಗುರುಗಳಿಗೆ ಈ ಶಿಷ್ಯನ ಮೇಲೆ ಪ್ರೀತಿ ಸ್ವಲ್ಪ ಹೆಚ್ಚು. ಹಾಗಾಗಿ ಬೈಯಲಿಲ್ಲ. “ಕೂತುಕೋ. ಒಬ್ಬ ಅಂದಾಜುಗಾರನ ಕತೆ ಹೇಳುತ್ತೇನೆ” ಎಂದರು. ಚನ್ನವೀರ ಕೂತ. ಗುರುಗಳು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ಅಂದಾಜುಗಾರನಿದ್ದ. ಹಳ್ಳಕ್ಕೆ ಸೇತುವೆ ಕಟ್ಟಬೇಕೇ, ಕೆರೆಯ ಹೂಳು ತೆಗೆಯಬೇಕೇ, ಬಿದ್ದುಹೋದ ಛತ್ರವನ್ನು ಎತ್ತಿ ನಿಲ್ಲಿಸಬೇಕೇ, ಸುತ್ತಲಿನವರು ಮೊದಲು ಅವನನ್ನು ಕರೆಸುತ್ತಿದ್ದರು. ಅವನು ಉದ್ದನೆಯ ಬಿದಿರಿನ ಗಳುವನ್ನು ಹೆಗಲ ಮೇಲಿಟ್ಟುಕೊಂಡು ಬರುವನು. ಹೂಳಿನಲ್ಲಿ ಗಳುವನ್ನು ಊರಿ ಆಳ ನೋಡುವನು. ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುವನು, ಮೂಸಿ ನೋಡುವನು. ಎಷ್ಟು ಗಾಡಿ ಹೂಳು, ಎಷ್ಟು ಆಳು, ಎಷ್ಟು ಕಲ್ಲು, ಎಷ್ಟು ಸುಣ್ಣ ಎಂದು ಮನಸ್ಸಿನಲ್ಲೇ ಕೂಡಿ, ಕಡೆಗೆ ಊರವರ ಮುಂದೆ ನಿಂತು ಒಂದು ಮೊತ್ತ ಹೇಳುವನು. ಅವನು ಹೇಳಿದ ಮೊತ್ತವನ್ನು ದಾಟಿ ಯಾವ ಕೆಲಸವೂ ಹೋದದ್ದಿಲ್ಲ. ಅವನು ಬೀದಿಯಲ್ಲಿ ಬಂದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ತಲೆಗೆ ಯಾವಾಗಲೂ ಮಡಿಕೆ ಕೆಡದ ಬಿಳಿಯ ರುಮಾಲು. ಹೆಂಡತಿಯ ಕೈಯಲ್ಲಿ ಅದನ್ನು ಒಗೆಸುತ್ತಿರಲಿಲ್ಲ, ತಾನೇ ಒಗೆದುಕೊಳ್ಳುತ್ತಿದ್ದ. ಅಷ್ಟು ಅಭಿಮಾನ.

ಮನುಷ್ಯ ಒಳ್ಳೆಯವನು ಮಾರಾಯ. ಲಂಚ ಮುಟ್ಟಿದವನಲ್ಲ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಊಟವೆಂದರೆ ಇಷ್ಟ, ಒಬ್ಬಳೇ ಮಗಳು ಕಾಶವ್ವನೆಂದರೆ ಪ್ರಾಣ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಹಿಂದೆ ಕೆಲವು ಅಂದಾಜುಗಾರರು ಊರವರನ್ನು ಮೆಚ್ಚಿಸಲು ಕಡಿಮೆ ಮೊತ್ತ ಹೇಳಿಬಿಡುತ್ತಿದ್ದರು. ಕೆಲಸ ನಡುವೆ ನಿಂತುಹೋಗಿ, ಊರಿನ ಜನ ಅರ್ಧ ಎದ್ದ ಗೋಡೆಗಳನ್ನು ನೋಡುತ್ತ ಕೂರಬೇಕಾಗುತ್ತಿತ್ತು. ಅದಕ್ಕೆ ಹಿರಿಯರೆಲ್ಲ ಸೇರಿ ಹೀಗೆಂದು ಗೊತ್ತುಮಾಡಿದರು: ಹೇಳಿದ ಅಂದಾಜು ಮುಗಿದು ಕೆಲಸ ಇನ್ನೂ ಉಳಿದಿದ್ದರೆ, ಅಂದಾಜುಗಾರ ತಲೆಯ ರುಮಾಲು ತೆಗೆದು, ಆಳುಗಳ ಜೊತೆ ತಾನೂ ಮಣ್ಣಿನ ಬುಟ್ಟಿ ಹೊರಬೇಕು. ಕೆಲಸ ಮುಗಿಯುವ ತನಕ ಹೊರಬೇಕು. ಬೇರೆ ದಂಡ ಏನೂ ಇರಲಿಲ್ಲ.

ಇದು ಸಣ್ಣ ಶಿಕ್ಷೆ ಎಂದು ನಿನಗೆ ಅನ್ನಿಸಬಹುದು. ನಮ್ಮ ಅಂದಾಜುಗಾರ ಎಳೆಯ ವಯಸ್ಸಿನಲ್ಲಿ ಒಬ್ಬ ಹಿರಿಯ ಅಂದಾಜುಗಾರ ಹಾಗೆ ಬುಟ್ಟಿ ಹೊತ್ತದ್ದನ್ನು ಕಣ್ಣಾರೆ ಕಂಡಿದ್ದ. ಅಂದು ಯಾರೂ ನಗಲಿಲ್ಲ. ಎಲ್ಲರೂ ಬೇರೆ ಕಡೆ ನೋಡುತ್ತ ನಿಂತಿದ್ದರು. ನಕ್ಕಿದ್ದರೆ ಇವನಿಗೆ ಅಷ್ಟು ಭಯವಾಗುತ್ತಿರಲಿಲ್ಲವೋ ಏನೋ. ಕೆಲಸ ಮುಗಿದ ಮೇಲೂ ಆ ಹಿರಿಯ ಮತ್ತೆ ರುಮಾಲು ಸುತ್ತಲಿಲ್ಲ, ಯಾವ ಊರಿಗೂ ಅಂದಾಜಿಗೆ ಹೋಗಲಿಲ್ಲ. ನನಗೆ ಮಾತ್ರ ಈ ಗತಿ ಬರಬಾರದು ಎಂದು ಇವನು ಅಂದೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ.

ಅಂದಿನಿಂದ ಅವನ ಅಂದಾಜು ಹೀಗೆ ನಡೆಯುತ್ತಿತ್ತು. ಮೊದಲು ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ. ಅದರ ಮೇಲೆ ಕಾಣದ್ದಕ್ಕೆ ಒಂದು ಪಾಲು. ಹೂಳಿನ ಕೆಳಗೆ ಬಂಡೆ ಇದ್ದೀತು, ನಡುವೆ ಮಳೆ ಬಂದೀತು, ಗಾಡಿಯ ಎತ್ತು ಕುಂಟೀತು. ಇದು ನ್ಯಾಯವಾದ ಪಾಲೇ. ಎಲ್ಲ ಅಂದಾಜುಗಾರರೂ ಹಾಕುತ್ತಾರೆ, ಹಾಕಬೇಕು. ಇಷ್ಟಕ್ಕೆ ನಿಲ್ಲಿಸಿದ್ದರೆ ಅವನ ಕತೆಯೂ ಇರುತ್ತಿರಲಿಲ್ಲ. ಆದರೆ ಬಾಯಿ ತೆರೆಯುವ ಮುನ್ನ ಅವನಿಗೆ ಆ ಬುಟ್ಟಿ ನೆನಪಾಗುತ್ತಿತ್ತು. ಇನ್ನೊಂದು ಪಾಲು ಸೇರಿಸುತ್ತಿದ್ದ. ಊರವರ ಮುಂದೆ ನಿಂತಾಗ ಎದೆ ಢವಗುಟ್ಟುತ್ತಿತ್ತು. ಮತ್ತೂ ಒಂದಿಷ್ಟು ಸೇರಿಸಿ ಹೇಳಿಬಿಡುತ್ತಿದ್ದ.

ಇದು ಅವನ ಹೆಂಡತಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿಲ್ಲದ್ದು ಏನಿರುತ್ತದೆ? “ನಿಮ್ಮನ್ನ ಒಲೆ ಮುಂದೆ ಕೂರಿಸಬಾರದು ನೋಡಿ. ಉಪ್ಪು ಹಾಕಿದ ಮೇಲೂ ಹಾಕಿದೀನಿ ಅಂತ ನಂಬಿಕೆ ಬರಲ್ಲ, ಮತ್ತೆ ಹಾಕ್ತೀರಿ” ಎಂದು ಅವಳು ನಗುತ್ತಿದ್ದಳು. ಅವನೂ ನಗುತ್ತಿದ್ದ. “ಒಂದಾದ್ರೂ ತಪ್ಪಿದೆಯೇನೇ?” ಎಂದು ಕೇಳುತ್ತಿದ್ದ. ತಪ್ಪಿರಲಿಲ್ಲ. ಅವಳು ಏನು ಹೇಳಿಯಾಳು?

ಉಳ್ಳವರು ಅವನು ಹೇಳಿದ ಮೊತ್ತ ಕೇಳಿ ಕೆಲಸ ಮಾಡಿಸುತ್ತಿದ್ದರು. ಮುಗಿದಾಗ ಸುಣ್ಣ ಉಳಿಯುತ್ತಿತ್ತು, ಕಲ್ಲು ಉಳಿಯುತ್ತಿತ್ತು. ಉಳಿದದ್ದನ್ನು ಕಂಡು ಅವರು ಅವನನ್ನು ಇನ್ನಷ್ಟು ಹೊಗಳುತ್ತಿದ್ದರು. ಇಲ್ಲದವರು ಮೊತ್ತ ಕೇಳಿ, ಮುಖ ಮುಖ ನೋಡಿಕೊಂಡು, ಕೈಮುಗಿದು, ಅವನಿಗೆ ಒಳ್ಳೆಯ ಊಟ ಹಾಕಿ ಕಳಿಸುತ್ತಿದ್ದರು. ಆಮೇಲೆ ಅವರು ಏನು ಮಾಡಿದರೆಂದು ಅವನು ವಿಚಾರಿಸುತ್ತಿರಲಿಲ್ಲ. ಅವರೂ ಹೇಳಿ ಕಳಿಸುತ್ತಿರಲಿಲ್ಲ.

ಕಾಶವ್ವ ಮದುವೆಯ ವಯಸ್ಸಿಗೆ ಬಂದಳು. ದೂರದ ನೆಂಟರಲ್ಲೇ ಒಂದು ಸಂಬಂಧ ಕೂಡಿಬಂತು. ಹುಡುಗನ ಊರಿನವರೆಲ್ಲ ನೂಲಿಗೆ ಬಣ್ಣ ಹಾಕುವ ಬಣ್ಣಗಾರರು. ಎಂದೋ ಒಮ್ಮೆ ಆ ಊರಿಗೆ ಅಂದಾಜಿಗೆ ಹೋಗಿದ್ದು ಅವನಿಗೆ ಮಸುಕಾಗಿ ನೆನಪಿತ್ತು. ಏನು ಕೆಲಸವೋ ಮರೆತಿತ್ತು. ಹೋಳಿಗೆ ಹಾಕಿದ್ದರು, ಅದು ಮಾತ್ರ ಚೆನ್ನಾಗಿ ನೆನಪಿತ್ತು. ಒಳ್ಳೆಯ ಜನ ಎಂದು ಒಪ್ಪಿದ. ಮದುವೆಯನ್ನು ತನ್ನ ಮನೆಯ ಮುಂದೆಯೇ ಮಾಡಿಕೊಟ್ಟ. ಮಗಳ ಗಾಡಿ ಹೊರಟಾಗ ಕೊಟ್ಟಿಗೆಯ ಹಿಂದೆ ಹೋಗಿ ಅತ್ತ. ಬಂದವನು ಕಣ್ಣಿಗೆ ಹೊಟ್ಟು ಬಿತ್ತು ಎಂದ. ಹೆಂಡತಿ ಸುಮ್ಮನೆ ಸೆರಗಿನಿಂದ ಅವನ ಮುಖ ಒರೆಸಿದಳು.

ವರ್ಷ ತುಂಬುವ ಮೊದಲೇ ಮಗಳನ್ನು ನೋಡುವ ಆಸೆಯಾಯಿತು. ಹೆಂಡತಿ ಕಟ್ಟಿಕೊಟ್ಟ ಉಂಡೆ, ಕೊಬ್ಬರಿ, ಒಂದು ಹೊಸ ಸೀರೆ ಎತ್ತಿಕೊಂಡು ಹೊರಟ. ಬಿದಿರಿನ ಗಳುವನ್ನೂ ಹೆಗಲಿಗೇರಿಸಿದ. ದಾರಿಯಲ್ಲಿ ಯಾರಾದರೂ ಅಂದಾಜಿಗೆ ಕರೆದಾರು ಎಂದು ಅದನ್ನು ಬಿಟ್ಟು ಹೋಗುತ್ತಿರಲಿಲ್ಲ.

ಕಾಶವ್ವ ಓಡಿಬಂದು ಕೈಕಾಲಿಗೆ ನೀರು ಕೊಟ್ಟಳು. ಚೊಂಬು ಸಣ್ಣದು. ಕಾಲಿನ ಧೂಳು ಅರ್ಧ ಹೋಯಿತು, ಅರ್ಧ ಉಳಿಯಿತು. ಕುಡಿಯಲು ಮಜ್ಜಿಗೆ ಕೊಟ್ಟಳು. ಊಟಕ್ಕೆ ಕೂತಾಗಲೂ ಮಜ್ಜಿಗೆ, ಊಟವಾದ ಮೇಲೂ ಮಜ್ಜಿಗೆ. ಇಳಿಹೊತ್ತಿಗೆ ಅವನು, “ಒಂದು ಲೋಟ ನೀರು ಕೊಡೇ ತಾಯಿ, ಹೊಟ್ಟೆಯೊಳಗೆ ಮಜ್ಜಿಗೆ ಕಡೆದಂಗಾಗ್ತಿದೆ” ಎಂದ. ಅವಳು ಒಳಗೆ ಹೋಗಿ ಗಡಿಗೆ ಬಗ್ಗಿಸಿ ನೋಡಿ, ಕೊಡ ಸೊಂಟಕ್ಕಿಟ್ಟುಕೊಂಡು “ಈಗ ಬಂದೆ” ಎಂದು ಹೊರಟಳು.

ಎಷ್ಟು ಹೊತ್ತಾದರೂ ಬರಲಿಲ್ಲ. ಅವನು ಬಾಗಿಲಿಗೆ ಬಂದು ನಿಂತ. ಹೊತ್ತು ಇಳಿಯುವಾಗ ದೂರದ ದಿಬ್ಬದ ಮೇಲೆ ಹೆಂಗಸರ ಸಾಲು ಕಂಡಿತು. ಎಲ್ಲರ ತಲೆಯ ಮೇಲೂ ಕೊಡ. ನಡುವೆ ಅವನ ಮಗಳು, ಕತ್ತು ಬಿಗಿಹಿಡಿದು ಬರುತ್ತಿದ್ದಳು. ಮದುವೆಯಲ್ಲಿ ತುಂಬಿಕೊಂಡಿದ್ದ ಕೆನ್ನೆ ಈಗ ಇಳಿದಿತ್ತು. ಬೆಳಗಿನಿಂದ ಜೊತೆಯಲ್ಲೇ ಇದ್ದರೂ ಅವನಿಗೆ ಅದು ಕಂಡದ್ದು ಆಗಲೇ.

“ಅಷ್ಟು ದೂರ ಯಾಕವ್ವ? ಊರ ನಡುವೆ ಹೊಂಡ ಇದೆಯಲ್ಲ?” ಎಂದ.

“ಅದು ಬಣ್ಣದ ಹೊಂಡ ಅಪ್ಪಾ. ಬಣ್ಣ ಕಲಸೋ ಬಾನಿ ತೊಳೆದ ನೀರೆಲ್ಲ ಅದಕ್ಕೇ ಹರಿಯುತ್ತೆ. ದನಾನೂ ಮೂತಿ ಇಡಲ್ಲ. ಹಿಂದೆ ಒಂದ್ಸಲ ತೋಡಿಸಬೇಕು ಅಂತ...” ಎಂದು ಶುರುಮಾಡಿದವಳು ತಟ್ಟನೆ ನಿಲ್ಲಿಸಿದಳು. “ಇರಲಿ. ನೀರು ಕುಡಿ” ಎಂದು ಲೋಟ ಮುಂದೆ ಹಿಡಿದಳು.

ಅವನ ಕೈ ಲೋಟದ ಮೇಲೇ ನಿಂತಿತು. ಮರೆತದ್ದೆಲ್ಲ ಒಂದೇ ಸಲ ನೆನಪಿಗೆ ಬಂತು. ಕಪ್ಪಾದ ಹೊಂಡ, ಮೂಗು ಮುಚ್ಚಿಕೊಂಡು ಗಳು ಊರಿದ್ದು, ಈ ಊರವರ ಮುಂದೆಯೇ ನಿಂತು ಮೊತ್ತ ಹೇಳಿದ್ದು, ಮುಖ ಮುಖ ನೋಡಿಕೊಂಡು ಇವರು ಹೋಳಿಗೆ ಬಡಿಸಿದ್ದು. ಆ ನೀರನ್ನು ಅವನು ಕುಡಿದ.

ಮರುದಿನ ಬೆಳಿಗ್ಗೆ ಊರ ಹಿರಿಯ ನಾಲ್ಕು ಜನರೊಂದಿಗೆ ಶಾಲು ಹಿಡಿದುಕೊಂಡು ಬಂದ. ಮುದುಕನ ಕೈ ಮೊಣಕೈವರೆಗೂ ನೀಲಿ. ಎಷ್ಟು ತೊಳೆದರೂ ಹೋಗುವ ಬಣ್ಣವಲ್ಲ ಅದು. “ಬೀಗರೇ, ನಿಮ್ಮ ಋಣ ದೊಡ್ಡದು. ಅವತ್ತು ನಾವು ಹುಂಬತನದಲ್ಲಿ ಹೆಂಡರ ಒಡವೆ ಮಾರಿಯಾದ್ರೂ ಹೊಂಡ ತೋಡಿಸೋಣ ಅಂತ ನಿಂತಿದ್ವಿ. ನೀವು ಇದ್ದಿದ್ದು ಇದ್ದಂಗೆ ಹೇಳಿದ್ರಿ, ನಾವು ಅಲ್ಲಿಗೇ ಕೈಬಿಟ್ಟು ಉಳಕೊಂಡ್ವಿ” ಎಂದು ಶಾಲು ಹೊದಿಸಿದ.

ಅಂದಾಜುಗಾರ ಮಗಳ ಕಡೆ ನೋಡಿದ. ಕಾಶವ್ವ ಬಾಗಿಲ ಮರೆಯಲ್ಲಿ ನಿಂತು ಹೆಮ್ಮೆಯಿಂದ ನಗುತ್ತಿದ್ದಳು. ಅವಳ ಅತ್ತೆ ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದಳು. ನಿನ್ನಪ್ಪನಿಂದ ನಮಗೆ ಈ ನೀರಿನ ಪಾಡು ಎಂದು ಆ ಮನೆಯಲ್ಲಿ, ಆ ಊರಿನಲ್ಲಿ ಒಬ್ಬರೂ ಅವಳಿಗೆ ಅಂದಿರಲಿಲ್ಲ. ಅಂಥ ದೊಡ್ಡ ಮನುಷ್ಯರ ಮಗಳು ನಮ್ಮ ಮನೆ ತುಂಬಿದಳು ಎಂದೇ ಎಲ್ಲರ ಮಾತು. ಯಾರಾದರೂ ನಾಲ್ಕು ಬೈದಿದ್ದರೆ ಅವನಿಗೆ ಆ ಹೊತ್ತು ಎಷ್ಟೋ ಹಗುರವಾಗುತ್ತಿತ್ತು. ಚನ್ನವೀರ, ಪ್ರೀತಿಸುವವರ ಹೊಗಳಿಕೆಯನ್ನು ಸುಳ್ಳಾಗಿ ಹೊದ್ದು ಕೂರುವುದು ಬಲು ಸಂಕಟದ ಕೆಲಸ. ಅವನು ಶಾಲನ್ನು ಮೆಲ್ಲಗೆ ತೆಗೆದು ಮಡಿಸಿ ಪಕ್ಕಕ್ಕಿಟ್ಟ. ಗಳುವನ್ನು ತೆಗೆದುಕೊಂಡು ಹೊಂಡದ ಕಡೆ ನಡೆದ. ಊರವರು ಅವನ ಹಿಂದೆ ನಡೆದರು.

ದಂಡೆಯ ಸುತ್ತ ಗಳು ಊರಿದ. ಎಲ್ಲೆಡೆ ಹೂಳು ದಾಟಿ ಗಟ್ಟಿಯಾದದ್ದು ತಾಗಿತು. ತಳ ಸಿಕ್ಕಿತು ಎಂದುಕೊಂಡ. ಈ ಸಲ ಹೂಳು ತೆಗೆಯುವುದಷ್ಟನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. ತೆಗೆದ ಹೂಳನ್ನು ಯಾರ ಹೊಲಕ್ಕೂ ಹರಿಯದಂತೆ ಜೇಡಿಮಣ್ಣು ಬಡಿದ ಗುಂಡಿಯಲ್ಲಿ ಹಾಕಿ ಮುಚ್ಚಬೇಕು. ಬಾನಿ ತೊಳೆದ ನೀರು ಮತ್ತೆ ಹೊಂಡಕ್ಕೆ ಬರದಂತೆ ಬೇರೆ ಕಾಲುವೆ ತೋಡಿ ಊರಾಚೆಯ ಕಲ್ಲುಗುಂಡಿಗೆ ತಿರುಗಿಸಬೇಕು. ಕಿತ್ತುಹೋದ ಮೆಟ್ಟಿಲುಗಳನ್ನು ಕೂರಿಸಬೇಕು. ಎಲ್ಲವನ್ನೂ ಕೂಡಿದ. ಕಾಣದ್ದಕ್ಕೆ ನ್ಯಾಯವಾದ ಪಾಲು ಸೇರಿಸಿದ. ಬುಟ್ಟಿ ನೆನಪಾಯಿತು. ಎದೆ ಎಂದಿನಂತೆ ಢವಗುಟ್ಟಿತು. ಅವನು ಹಲ್ಲುಕಚ್ಚಿ, ಇದ್ದಷ್ಟನ್ನೇ ಹೇಳಿದ.

ಹಿರಿಯ ಕಿವಿಗೆ ಕೈ ಇಟ್ಟು ಮತ್ತೊಮ್ಮೆ ಕೇಳಿದ. ಮೊದಲು ಹೇಳಿದ್ದರ ಅರ್ಧ ಅದು. “ಅವತ್ತಿಗಿಂತ ಈಗ ಹೂಳು ಜಾಸ್ತಿ ಆಗಿದೆ. ಕಾಲುವೆ ಬೇರೆ ಸೇರಿದೆ. ಮೊತ್ತ ಹೆಂಗೆ ಇಳೀತು ಬೀಗರೇ?” ಎಂದ.

“ಅವತ್ತು ಅರ್ಧ ಹೊಂಡಕ್ಕೆ ಹಾಕಿದ್ದೆ. ಇನ್ನರ್ಧ ನನ್ನ ರುಮಾಲಿಗೆ ಹಾಕಿದ್ದೆ” ಎಂದ ಅಂದಾಜುಗಾರ. ತಲೆ ಎತ್ತಲಿಲ್ಲ.

ಹಿರಿಯನ ಮುಖ ಸಣ್ಣದಾಯಿತು. ಇಷ್ಟು ವರ್ಷದ ನಡಿಗೆ, ಇಷ್ಟು ವರ್ಷದ ಕೊಡಗಳು ಅವನ ಕಣ್ಣ ಮುಂದೆ ಬಂದಿರಬೇಕು. ಕೊನೆಗೆ ಬಾಯಿಬಿಟ್ಟವಳು ಕಾಶವ್ವನ ಅತ್ತೆ. “ಆಗಿದ್ದು ಆಯ್ತು. ಈಗ ಹೇಳಿದ್ದು ನಮ್ಮ ಕೈಲಾಗೋ ಮಾತು. ಹಿಂಗೆ ಮುಖ ಊದಿಸಿಕೊಂಡು ನಿಂತ್ರೆ ಹೂಳು ತಾನಾಗೇ ಎದ್ದು ಹೋಗುತ್ತೇನು? ಗುದ್ದಲಿ ಎಲ್ಲೆಲ್ಲಿವೆ ಹುಡುಕ್ರಿ” ಎಂದಳು. ಹೆಂಗಸರಲ್ಲಿ ಯಾರೋ ನಕ್ಕರು. ಹಿರಿಯನೂ ತಡವಾಗಿ ನಕ್ಕ.

ಊರು ಕೈಯಲ್ಲಿದ್ದದ್ದನ್ನು ಒಟ್ಟುಮಾಡಿತು. ಕೆಲಸ ಶುರುವಾಯಿತು. ಮೊದಲು ಕಾಲುವೆ, ಆಮೇಲೆ ಗುಂಡಿ, ಆಮೇಲೆ ಹೂಳು. ಎಲ್ಲ ಅಂದಾಜಿನಂತೆಯೇ ನಡೆಯಿತು. ಅಗೆತ ತಳ ಮುಟ್ಟಿತು ಎನ್ನುವ ಹೊತ್ತಿಗೆ ಒಬ್ಬನ ಹಾರೆ ಠಣ್ ಎಂದಿತು. ಒಡೆದ ಮಡಕೆಯ ಚೂರು ಮೇಲೆ ಬಂತು. ಇನ್ನೊಂದು ಏಟಿಗೆ ಇನ್ನಷ್ಟು ಚೂರು. ತಳ ಎಂದುಕೊಂಡದ್ದು ತಳವಲ್ಲ. ಬಣ್ಣ ಕಲಸುವ ಮಣ್ಣಿನ ಬಾನಿಗಳು, ತಲೆತಲಾಂತರದಿಂದ ಬಿದ್ದು, ಒಂದರ ಮೇಲೊಂದು ಅಮರಿಕೊಂಡು ಗಟ್ಟಿ ನೆಲದಂತಾಗಿದ್ದವು. ಅವುಗಳ ಕೆಳಗೆ ಮತ್ತೆ ಕಪ್ಪು ಹೂಳು.

ಅಂದಾಜುಗಾರನಿಗೆ ಹೇಳಿಕಳಿಸಿದರು. ಅವನು ಬಂದು ನೋಡಿ, “ಇಷ್ಟೊಂದು ಬಾನಿ ಇಲ್ಲಿಗೆ ಹೆಂಗೆ ಬಂದ್ವು?” ಎಂದು ಕೇಳಿದ.

“ಒಡೆದ ಬಾನಿ ಮತ್ತೆಲ್ಲಿಗೆ ಹೋಗಬೇಕು ಬೀಗರೇ? ಅನ್ನ ಕೊಟ್ಟಿದ್ದು. ತಿಪ್ಪೆಗೆ ಎಸೆಯಕ್ಕೆ ಮನಸ್ಸು ಬರುತ್ತಾ? ಅರಿಸಿನ ಕುಂಕುಮ ಇಟ್ಟು ಹೊಂಡಕ್ಕೆ ಬಿಡ್ತೀವಿ” ಎಂದ ಹಿರಿಯ. ಅದೊಂದು ಹೇಳಬೇಕಾದ ಸಂಗತಿ ಎಂದು ಅವರಲ್ಲಿ ಯಾರಿ​ಗೂ ಹೊಳೆದಿರಲಿಲ್ಲ. ಲೋಕದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಅವರ ನಂಬಿಕೆ. ಬಾನಿಯನ್ನು ತಾಯಿಯಂತೆ ಕಂಡವರು ಅವರು, ತಾಯಿಯನ್ನು ನೀರಿಗೆ ಬಿಟ್ಟೆವು ಎಂದು ಲೆಕ್ಕಕ್ಕೆ ಯಾರು ಹೇಳುತ್ತಾರೆ? ಅಂದಾಜುಗಾರನಿಗೆ ಕೋಪ ಬರಲಿಲ್ಲ. ಒಂದು ಚೂರನ್ನು ಎತ್ತಿ ನೋಡಿದ. ನೀಲಿ ಇನ್ನೂ ಹಸಿಯಾಗಿಯೇ ಇದ್ದಂತಿತ್ತು.

ಹೇಳಿದ ಮೊತ್ತ ಮುಗಿದಿತ್ತು. ಹೊಂಡ ಅರ್ಧ ಉಳಿದಿತ್ತು. ಇನ್ನು ಕೊಡಲು ಊರಲ್ಲಿ ಏನೂ ಇರಲಿಲ್ಲ. ಆಳುಗಳು ಗುದ್ದಲಿ ಒರಗಿಸಿ ಕೂತರು. ಈಗ ಬಿಟ್ಟರೆ ಮಳೆಗಾಲಕ್ಕೆ ಮೇಲಿನ ಮಣ್ಣು ಕುಸಿದು, ಮಾಡಿದ್ದೆಲ್ಲ ನೀರಲ್ಲಿ ಹೋಮ.

ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಆದರೆ ಇಲ್ಲೊಂದು ತೊಡಕಿತ್ತು. ಅವನು ಆ ಊರಿಗೆ ಬೀಗ. ಹೆಣ್ಣು ಕೊಟ್ಟ ಮನೆಯವರು ಬಂದರೆ ಮಣೆ ಹಾಕಿ ಕೂರಿಸಿ ಉಪಚರಿಸಬೇಕು. ಅಂಥವನು ಬೀಗರ ಊರಲ್ಲಿ ರುಮಾಲು ತೆಗೆದು ಕೊಳೆತ ಹೂಳು ಹೊತ್ತರೆ ಅದು ಅವನ ಮಾನದ ಮಾತು ಮಾತ್ರವಲ್ಲ. ಬುಟ್ಟಿ ಹೊತ್ತವನ ಮಗಳು ಎಂದು ಕಾಶವ್ವ ಬದುಕಿರುವ ತನಕ ಕೇಳಬೇಕಾಗುತ್ತಿತ್ತು. ಹಿರಿಯ ಅವನನ್ನು ಪಕ್ಕಕ್ಕೆ ಕರೆದು, “ನೀವು ಊರಿಗೆ ಹೊರಡಿ ಬೀಗರೇ. ಬಾನಿ ವಿಷಯ ಹೇಳದೇ ಇದ್ದಿದ್ದು ನಮ್ಮ ತಪ್ಪು. ಕೆಲಸ ನಾವೇ ನಿಲ್ಲಿಸಿದ್ವಿ ಅಂತ ಹೇಳ್ತೀವಿ” ಎಂದ. ಮನಸಾರೆ ಹೇಳಿದ. ಒಳ್ಳೆಯವರು ತೋರಿಸುವ ತಪ್ಪುದಾರಿ ಎಷ್ಟು ಚೆನ್ನಾಗಿರುತ್ತದೆ ನೋಡು.

ಅಂದಾಜುಗಾರ ಹೊಂಡದ ಅಂಚಿನಲ್ಲಿ ನಿಂತ. ಕೈ ರುಮಾಲಿನವರೆಗೆ ಹೋಗಿ ಅಲ್ಲೇ ನಿಂತಿತು. ತನ್ನೊಬ್ಬನದೇ ಆಗಿದ್ದರೆ ತೆಗೆದುಬಿಡುತ್ತಿದ್ದ. ಅಲ್ಲಿಯವರೆಗೆ ಅವನ ಮನಸ್ಸು ಆಗಲೇ ಬಂದಿತ್ತು. ಆದರೆ ಮಗಳು ನಿಂತಿದ್ದಳು. “ಕಾಶವ್ವಾ, ಇದು ನಿನ್ನ ಅತ್ತೆಮನೆ ಊರು. ನಾಳೆ ನಿನಗೆ ಯಾರಾದ್ರೂ ಒಂದು ಮಾತು ಅಂದ್ರೆ ನನ್ನ ಎದೆ ಒಡೀತದೆ” ಎಂದ.

ಕಾಶವ್ವ ಹತ್ತಿರ ಬಂದಳು. ಅಪ್ಪನ ತಲೆಯಿಂದ ರುಮಾಲನ್ನು ತಾನೇ ತೆಗೆದಳು. ಮಡಿಕೆ ಬಿಚ್ಚಿ, ಕೊಡ ಹೊರುವವರು ಮಾಡಿಕೊಳ್ಳುವಂತೆ ಬಿಗಿಯಾಗಿ ಸುತ್ತಿ ಸಿಂಬಿ ಮಾಡಿದಳು. ಅದನ್ನು ಅವನ ತಲೆಯ ಮೇಲಿಟ್ಟು ಸರಿಮಾಡಿದಳು.

“ನಾನು ದಿನಾ ಹೊರ್ತೀನಪ್ಪಾ. ಸಿಂಬಿ ನೆಟ್ಟಗೆ ಕೂತ್ರೆ ಅಷ್ಟೇನೂ ಭಾರ ಆಗಲ್ಲ” ಎಂದಳು.

ಅವನು ಹೊಂಡಕ್ಕೆ ಇಳಿದ. ಬುಟ್ಟಿ ತುಂಬಿಸಿಕೊಂಡ. ಕಪ್ಪು ನೀರು ಕಿವಿಯ ಹಿಂದೆ ಇಳಿದು ಬೆನ್ನಿಗೆ ಹರಿಯಿತು. ಎಳೆಯ ವಯಸ್ಸಿನಲ್ಲಿ ಅವನು ಕಂಡದ್ದೇ ಮತ್ತೆ ಆಯಿತು. ಊರವರೆಲ್ಲ ಬೇರೆ ಕಡೆ ನೋಡುತ್ತ ನಿಂತರು. ಒಂದು ಬುಟ್ಟಿ ಹೊತ್ತು ಹಾಕಿ ಬಂದ. ಇನ್ನೊಂದಕ್ಕೆ ಬಗ್ಗಿದಾಗ ಪಕ್ಕದಲ್ಲಿ ಯಾರೋ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಕಂಡಿತು. ಕಾಶವ್ವನ ಅತ್ತೆ.

“ನೀವ್ಯಾಕೆ ಇಳಿದ್ರಿ?” ಎಂದ ಅವನು ಗಾಬರಿಯಾಗಿ.

“ಬೀಗರು ಹೊರೋವಾಗ ನಾನು ಮೇಲೆ ಕೂತು ಎಲೆ ಹಾಕ್ಕೊಳ್ಳಲಾ? ಸರೀರಿ ಆಕಡೆ” ಎಂದು ಅವಳು ಬುಟ್ಟಿ ಎತ್ತಿದಳು.

ಅವಳ ಹಿಂದೆ ಹಿರಿಯ ಇಳಿದ. ಆಮೇಲೆ ಯಾರು ಯಾರು ಇಳಿದರೆಂದು ಯಾರೂ ನೋಡಲಿಲ್ಲ. ದಿಬ್ಬ ಹತ್ತಿ ನೀರು ಹೊತ್ತು ಬರುತ್ತಿದ್ದ ಹೆಂಗಸರಿಗೆ ಬುಟ್ಟಿ ಯಾವ ಲೆಕ್ಕ? ಆಳುಗಳು ನಾಚಿಕೊಂಡು ಗುದ್ದಲಿ ಹಿಡಿದರು. ಕೂಲಿಯ ಮಾತನ್ನು ಅವರೂ ಎತ್ತಲಿಲ್ಲ. ಅಂದಾಜುಗಾರ ಸಂಜೆಗೆಲ್ಲ ಸೊಂಟ ಹಿಡಿದುಕೊಂಡು ಕೂರುತ್ತಿದ್ದ. ಕಾಶವ್ವ ಎಣ್ಣೆ ತಿಕ್ಕುತ್ತಿದ್ದಳು, ಬೈಯುತ್ತಿದ್ದಳು, ಸಿಂಬಿ ಒಣಗಿಸಿ ಇಡುತ್ತಿದ್ದಳು. ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಹೊಂಡದ ಹತ್ತಿರ ಇರುತ್ತಿದ್ದ. ಮಳೆ ಬರುವ ಮೊದಲು ನಿಜವಾದ ತಳ ಸಿಕ್ಕಿತು. ಹಿರಿಯರು ಕಟ್ಟಿದ್ದ ಚಪ್ಪಡಿ ಕಲ್ಲಿನ ತಳ ಅದು.

ಮೊದಲ ಮಳೆಗೆ ತುಂಬಿದ ನೀರನ್ನು ಹೊರಗೆ ಚೆಲ್ಲಿದರು. ಆಮೇಲೆ ನಿಂತ ನೀರಿಗೆ ದನಗಳು ತಾವಾಗಿ ಮೂತಿ ಇಟ್ಟವು. ಮರುವರ್ಷದ ಮಳೆಗೆ ಹೆಂಗಸರು ಕೊಡ ತಂದು ಮೆಟ್ಟಿಲಿಳಿದರು. ಒಡೆದ ಬಾನಿಗಳಿಗೆ ಊರಾಚೆ ಒಂದು ಮರದ ಕೆಳಗೆ ಜಾಗ ಮಾಡಿ, ಅರಿಸಿನ ಕುಂಕುಮ ಅಲ್ಲೇ ಇಡತೊಡಗಿದರು. ಎಲ್ಲ ಮುಗಿದ ಮೇಲೆ ಹಿರಿಯ ಕೂತು ಕೂಡಿ ನೋಡಿದ. ಎಲ್ಲರೂ ಹೊತ್ತ ಬುಟ್ಟಿಗಳ ಕೂಲಿಯನ್ನೂ ಹಿಡಿದರೆ ಖರ್ಚು ಎರಡನೆಯ ಅಂದಾಜನ್ನು ದಾಟಿತ್ತು. ಮೊದಲನೆಯದರ ಹತ್ತಿರಕ್ಕೂ ಹೋಗಿರಲಿಲ್ಲ. ಎರಡೂ ತಪ್ಪು ಎಂದು ಅವನು ನಕ್ಕ.

ಹೊಂಡದ ಕೆಲಸ ಮುಗಿದು ಅಂದಾಜುಗಾರ ಬಿಸಿಲಿಗೆ ಕರ್ರಗಾಗಿ, ಬರಿತಲೆಯಲ್ಲಿ ಮನೆಗೆ ಬಂದಾಗ ಹೆಂಡತಿ ಮೊದಲು ಗುರುತೇ ಹಿಡಿಯಲಿಲ್ಲ. “ನಿಮ್ಮ ರುಮಾಲೆಲ್ಲಿ?” ಎಂದಳು.

“ಮಗಳು ಕೊಡಲ್ಲ ಅಂದ್ಲು. ಸಿಂಬಿಗೆ ಚೆನ್ನಾಗಿದೆಯಂತೆ” ಎಂದ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು.

ಆಮೇಲೆ ಕೆಲವು ಉಳ್ಳವರು ಅವನನ್ನು ಕರೆಯುವುದು ಬಿಟ್ಟರು. ಅಂದಾಜು ತಪ್ಪಿದವನು ಎಂಬ ಮಾತು ಹಬ್ಬಿತ್ತು. ಅವನು ಅದಕ್ಕೆ ಅಷ್ಟಾಗಿ ನೊಂದುಕೊಳ್ಳಲಿಲ್ಲ. ತನಗೆ ಊಟ ಹಾಕಿ ಕಳಿಸಿದ್ದ ಊರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಗಳು ಹೊತ್ತು ಹೊರಟ. ಕೆಲವು ಕಡೆ ಸೇತುವೆ ಆಗಬೇಕಿದ್ದ ಜಾಗದಲ್ಲಿ ಜನ ಇನ್ನೂ ಎದೆಮಟ್ಟದ ನೀರಲ್ಲೇ ದಾಟುತ್ತಿದ್ದರು. ಕೆಲವು ಕಡೆ ಅವನನ್ನು ಕಂಡು ಮತ್ತೆ ಹೋಳಿಗೆಗೆ ಬೇಳೆ ಬೇಯಲು ಇಟ್ಟರು. ಅವನು ಮೊದಲು ಕೆಲಸದ ಜಾಗ ತೋರಿಸಿ ಎನ್ನುತ್ತಿದ್ದ. ಅದಾದ ಮೇಲೂ ಅವನ ಅಂದಾಜು ಅಲ್ಲಲ್ಲಿ ತಪ್ಪಿತು, ಅಲ್ಲಲ್ಲಿ ಬುಟ್ಟಿ ಹೊತ್ತ. ಊರಿಂದೂರಿಗೆ ಹೆಂಗಸರು ಅವನಿಗೆ ಸಿಂಬಿ ಮಾಡಿಕೊಡುವುದು ರೂಢಿಯೇ ಆಗಿಹೋಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಚನ್ನವೀರನಿಗೆ ಹಿಡಿಸಿತ್ತು. ಆದರೂ ಅವನ ಪ್ರಶ್ನೆ ಹಾಗೇ ಉಳಿದಂತೆ ಅನ್ನಿಸಿತು.

“ಹಾಗಾದರೆ ಎಂದಿಗೂ ತಪ್ಪದ ಅಂದಾಜು ಎಂಬುದೇ ಇಲ್ಲವೇ ಗುರುಗಳೇ?” ಎಂದು ಕೇಳಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಇದೆ ಮಗು, ಕೈಗೆತ್ತಿಕೊಳ್ಳದ ಕೆಲಸದ ಅಂದಾಜು ಎಂದಿಗೂ ತಪ್ಪುವುದಿಲ್ಲ.”

ಚನ್ನವೀರ ಎದ್ದು ಹಳ್ಳಿಯವರನ್ನು ಕರೆಸಲು ಹೊರಟ.